ಹೊತ್ತ ನೀರು, ಹರಿದ ನೀರು

ಕಳೆದ ಭಾನುವಾರ ಕಲ್ಯಾಣದ ನಿನ್ನ ಮನೆಗೆ ಬಂದಾಗ, ಬಾಗಿಲು ತೆರೆದ ನೀನು ಎಡಗೈಯಲ್ಲಿ ಸೊಂಟ ಒತ್ತಿಕೊಂಡೇ ನಿಂತಿದ್ದೆ. "ಏನಾಯ್ತು ಮಾರಾಯ?" ಎಂದು ಕೇಳಿದರೆ, "ಏನಿಲ್ಲ ದೊಡ್ಡಪ್ಪ, ಮೀನಿನ ನೀರು ಬದಲಿಸಿದೆ, ಸ್ವಲ್ಪ ಹಿಡಿದುಕೊಂಡಿದೆ" ಎಂದೆ. ಬಾತ್‌ರೂಮಿನ ಹೊಸ್ತಿಲಿನಿಂದ ಹಾಲಿನ ಮೂಲೆಯ ಅಕ್ವೇರಿಯಂವರೆಗೆ ಟೈಲ್ಸ್ ಮೇಲೆ ನೀರಿನ ಹನಿಗಳ ಸಾಲು ಇನ್ನೂ ಆರಿರಲಿಲ್ಲ. ಎರಡು ಬಕೆಟ್, ಒಂದು ಮಗ್ಗು, ಒದ್ದೆಯಾದ ಟವೆಲ್ ಅಲ್ಲೇ ಬಿದ್ದಿದ್ದವು. ನಿನ್ನ ಮಗಳು ಗಾಜಿಗೆ ಮೂಗು ಒತ್ತಿ ಗಪ್ಪಿ ಮರಿಗಳನ್ನು ಎಣಿಸುತ್ತಿದ್ದಳು. ಚಾ ಕುಡಿಯುತ್ತ ನೀನು ಹೇಳಿದ ಮಾತು ನನ್ನನ್ನು ಕೊರೆಯುತ್ತಲೇ ಇದೆ: "ಇನ್ನು ನನ್ನಿಂದಾಗದು. ಯಾರಿಗಾದರೂ ಕೊಟ್ಟುಬಿಡುತ್ತೇನೆ."

ಮಗುವಿನ ಎದುರು ಏನೂ ಹೇಳಲಿಲ್ಲ. ಡೊಂಬಿವಲಿಗೆ ಮರಳಿ ಬಂದವನು ಈಗ ಬರೆಯುತ್ತಿದ್ದೇನೆ. ತೊಟ್ಟಿಯನ್ನು ಕೊಡಬೇಕಾಗಿಲ್ಲ. ನೀರು ಬದಲಿಸುವುದನ್ನು ಬಿಡಲೂ ಬಾರದು. ನೀನು ಬಿಡಬೇಕಾದದ್ದು ನೀರು ಹೊರುವುದನ್ನು ಮಾತ್ರ.

ಮೊದಲು ಲೆಕ್ಕ ನೋಡು. ನಿನ್ನ ತೊಟ್ಟಿ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಂದು ಘನ ಅಡಿಯಲ್ಲಿ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ಅಂದರೆ ನಿನ್ನಲ್ಲಿರುವುದು ಹತ್ತಿರ ಹತ್ತಿರ 160 ಲೀಟರ್. ವಾರಕ್ಕೆ ಕಾಲುಭಾಗ ಬದಲಿಸಿದರೂ 40 ಲೀಟರ್. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. 40 ಕಿಲೋ ಹೊರಗೆ, 40 ಕಿಲೋ ಒಳಗೆ, ಒಟ್ಟು 80 ಕಿಲೋ. ವರ್ಷದ 52 ವಾರಕ್ಕೆ 4,160 ಕಿಲೋ. 50 ಕಿಲೋದ ಅಕ್ಕಿ ಚೀಲ ಎಂದುಕೊಂಡರೆ 83 ಚೀಲ! ಅದನ್ನೆಲ್ಲ ವಾರಕ್ಕಿಷ್ಟರಂತೆ ಬಗ್ಗಿ, ಎತ್ತಿ, ತಿರುಗಿ ಹೊತ್ತವನು ನೀನೊಬ್ಬನೇ. ಅದೂ ಕಲ್ಯಾಣದಿಂದ ಮುಂಬಯಿಯ ಸಿಎಸ್‌ಎಂಟಿಯವರೆಗೆ 50 ಕಿಲೋಮೀಟರ್ ಮೀರಿದ ದಾರಿಯನ್ನು ವಾರದ ಐದಾರು ದಿನ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿ ಬರುವ ಬೆನ್ನಿನ ಮೇಲೆ.

ನನ್ನ ಬೆನ್ನು ಕೈಕೊಟ್ಟದ್ದೂ ಹೀಗೇ. ಊರಿನಿಂದ ಬಂದ ಹೊಸದರಲ್ಲಿ ರಜೆಯ ದಿನ ಮರೀನ್ ಡ್ರೈವ್‌ಗೆ ಹೋಗಿ ತಾರಾಪೊರ್‌ವಾಲಾ ಮತ್ಸ್ಯಾಲಯದ ಮುಂದೆ ಸಾಲು ನಿಲ್ಲುತ್ತಿದ್ದೆ. 1951ರಲ್ಲಿ ತೆರೆದ ಆ ಮತ್ಸ್ಯಾಲಯದ ನೀಲಿ ಬೆಳಕಿನಲ್ಲಿ ನಿಂತು ನನಗೆ ಮೀನಿನ ಹುಚ್ಚು ಹತ್ತಿತು. ಕ್ರಾಫರ್ಡ್ ಮಾರ್ಕೆಟ್‌ನಿಂದ ಎರಡು ಅಡಿಯ ಗಾಜಿನ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಲೋ ಲೋಕಲ್‌ನಲ್ಲಿ ಡೊಂಬಿವಲಿಗೆ ತಂದೆ. ಆಮೇಲೆ ಅದು ಮೂರು ಅಡಿಯಾಯಿತು, ನಾಲ್ಕು ಅಡಿಯಾಯಿತು. ಒಂದು ಬೆಳಿಗ್ಗೆ, ಎದ್ದು ಹಲ್ಲುಜ್ಜಿದವನೇ ಭರ್ತಿ ಬಕೆಟ್ ಎತ್ತಿ ಬಾತ್‌ರೂಮಿನ ಹೊಸ್ತಿಲು ದಾಟಿಸುತ್ತ ಸೊಂಟ ತಿರುಗಿಸಿದೆ. ಒಳಗೆ ಹಗ್ಗ ಕಡಿದಂತಾಯಿತು. ಬಕೆಟ್ ಕೈಬಿಟ್ಟು ಅಲ್ಲೇ ಕುಸಿದೆ. ಹಾಲಿನ ತುಂಬ ನೀರು. ನಿನ್ನ ದೊಡ್ಡಮ್ಮ ಓಡಿ ಬಂದು ಎಬ್ಬಿಸಲು ನೋಡಿದರೆ ಏಳಲಾಗಲಿಲ್ಲ. ಮೂರು ವಾರ ಹಾಸಿಗೆಯಲ್ಲಿದ್ದೆ. ಅಷ್ಟು ದಿನ ಮಗ್ಗಿನಲ್ಲಿ ಮಗ್ಗಿನಲ್ಲಿ ನೀರು ಹಾಕಿ ಮೀನು ಉಳಿಸಿದ್ದು ಅವಳು.

ಆ ಮೂರು ವಾರದಲ್ಲಿ ಬೆನ್ನಿನ ಬಗ್ಗೆ ತಿಳಿದುಕೊಂಡೆ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಏಳುವಾಗ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಾಗಿರುತ್ತೇವೆ. ಹಾಗೆ ಬಿಗಿಯಾಗಿ ಉಬ್ಬಿರುವಾಗ ಬಗ್ಗಿ ಭಾರ ಎತ್ತಿದರೆ ಏಟು ಬೀಳುವುದು ಸುಲಭ. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೇ ಸೂಜಿ ಇಟ್ಟು ಒತ್ತಡ ಅಳೆದವರು. ನೆಟ್ಟಗೆ ನಿಂತವನ ಡಿಸ್ಕಿಗಿಂತ, ಮುಂದಕ್ಕೆ ಬಾಗಿ ಭಾರ ಹಿಡಿದವನ ಡಿಸ್ಕಿನಲ್ಲಿ ಒತ್ತಡ ಎಷ್ಟೋ ಪಾಲು ಹೆಚ್ಚು ಎಂದು ಅವರು ತೋರಿಸಿಕೊಟ್ಟರು. ಬಾಗಿದ ಮೇಲೆ ತಿರುಚುವುದು ಇನ್ನೂ ಕೆಟ್ಟದ್ದು. ಬಕೆಟ್ ಎತ್ತಿ ತೊಟ್ಟಿಗೆ ಸುರಿಯುವವನು ಬಾಗುವುದನ್ನೂ ತಿರುಚುವುದನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಾನೆ.

ಹಾಸಿಗೆಯಲ್ಲಿ ಬಿದ್ದಿದ್ದಾಗ ನನಗೆ ನಮ್ಮೂರು ಬಾಯಾರಿನ ಮನೆ ನೆನಪಾಯಿತು, ನಿನ್ನ ಅಜ್ಜಿ ನೆನಪಾದಳು. ಕೆಳಗಿನ ಬಾವಿಯಿಂದ ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡಪಾನ ಇಟ್ಟು ದಿನಕ್ಕೆ ಎಷ್ಟು ಸಲ ಏರು ಹತ್ತುತ್ತಿದ್ದಳೋ. ರಾತ್ರಿ ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ಒಂದು ಬೇಸಗೆ ನಿನ್ನ ಅಜ್ಜ ಮನೆಯ ಹಿಂದಿನ ಗುಡ್ಡಕ್ಕೆ ಸುರಂಗ ಕೊರೆಸಿದ. ಆಳಕ್ಕೆ ಇಳಿಯುವ ಬಾವಿಯಲ್ಲ ಅದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಕೊರೆದ ಬಿಲ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಅಡಿಕೆ ಮರ ಸೀಳಿ ದಂಬೆ ಮಾಡಿ, ಸಾಲಾಗಿ ಕವೆಕೋಲಿನ ಮೇಲಿಟ್ಟು, ಅಡುಗೆಕೋಣೆಯ ಹಿಂದಿನ ತೊಟ್ಟಿಗೆ ನೀರು ಬೀಳುವಂತೆ ಅಜ್ಜ ಮಾಡಿದ. ಆ ದಿನ ಅಜ್ಜಿ ಬಹಳ ಹೊತ್ತು ದಂಬೆಯ ತುದಿಯಲ್ಲಿ ಕೈಯೊಡ್ಡಿ ನಿಂತಿದ್ದಳು. ಆಮೇಲೆ ಅವಳು ಕೊಡಪಾನ ಹೊತ್ತದ್ದನ್ನು ನಾನು ನೋಡಲಿಲ್ಲ.

ಕಾಸರಗೋಡು, ಬಂಟ್ವಾಳದ ಕಡೆ ಈ ಸುರಂಗಗಳು ಇಂದಿಗೂ ಇವೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರುತ್ತೀ. ಕೂಲಿ ಮಾಡಿ ಬಂದು, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡ ಕೊರೆದವರು. ಕೊರೆದ ಸುರಂಗಗಳು ಒಂದರ ಹಿಂದೊಂದು ಒಣಗಿ ನಿಂತರೂ ಕೈಬಿಡದೆ ಕೊನೆಗೆ ನೀರು ಕಂಡರು. ಬೋಳುಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಇಳಿಜಾರು ಸಿಕ್ಕಿದರೆ ನೀರು ತಾನೇ ನಡೆಯುತ್ತದೆ ಎಂಬ ನಂಬಿಕೆ ನಮ್ಮ ಊರಿನ ಮಣ್ಣಿನಲ್ಲೇ ಇದೆ. ಅದನ್ನು ಬಾಯಾರಿನಲ್ಲೇ ಬಿಟ್ಟು ಬಂದು ನಾನು ಡೊಂಬಿವಲಿಯಲ್ಲಿ ಬಕೆಟ್ ಹೊತ್ತೆ. ನೀನು ಕಲ್ಯಾಣದಲ್ಲಿ ಹೊರುತ್ತಿದ್ದೀ.

ನಿನ್ನ ಮನೆಯಲ್ಲೂ ಗುಡ್ಡ ಇದೆ. ಬಾತ್‌ರೂಮಿನ ಮೇಲೆ ನೋಡು, ಲಾಫ್ಟ್‌ನಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಂಕ್ ಇದೆಯಲ್ಲ? ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯಲ್ಲಿ ನಲ್ಲಿ ನೀರು ಹೊತ್ತು ನೋಡಿ ಬರುವುದರಿಂದ ಎಷ್ಟೋ ಮನೆಗಳಲ್ಲಿ ಜನ ಅದನ್ನು ಕೂರಿಸಿಕೊಂಡಿದ್ದಾರೆ. ಅದರ ತಳ ನೆಲದಿಂದ ಏಳಡಿ ಮೇಲಿದೆ. ನಿನ್ನ ಮೀನಿನ ತೊಟ್ಟಿಯ ಅಂಚು ಸುಮಾರು ನಾಲ್ಕು ಅಡಿಯಲ್ಲಿದೆ. ಬಾತ್‌ರೂಮಿನ ನೀರು ಹೋಗುವ ಜಾಳಿ ನೆಲದ ಮಟ್ಟದಲ್ಲಿದೆ. ಮೇಲಿನಿಂದ ನಡುವಿಗೆ, ನಡುವಿನಿಂದ ಕೆಳಗೆ, ಇಳಿಜಾರು ತಾನಾಗಿಯೇ ಒದಗಿದೆ. ದಂಬೆಯೊಂದು ಬೇಕು, ಅಷ್ಟೇ.

ದಂಬೆ ಎಂದರೆ ಇಲ್ಲಿ ಅರ್ಧ ಇಂಚಿನ ಪಾರದರ್ಶಕ ಪೈಪು. ಸ್ಟೇಷನ್ ಹತ್ತಿರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬಾತ್‌ರೂಮಿನ ನಲ್ಲಿಯಿಂದ ತೊಟ್ಟಿಯ ತಳದವರೆಗೆ ಹಗ್ಗ ಹಿಡಿದು ಅಳೆ. ಅದಕ್ಕೆ ಒಂದು ಮೀಟರ್ ಸೇರಿಸಿ ತರಬೇಕು. ಮಡಚಿದರೆ ಮುರಿಯದ, ಸ್ವಲ್ಪ ದಪ್ಪ ಗೋಡೆಯ ಪೈಪು ಕೇಳಬೇಕು. ಜೊತೆಗೆ ನಲ್ಲಿಗೆ ಕೂರುವ ಕಪ್ಲರ್, ಬಿಗಿಯಲು ಒಂದು ಕ್ಲಿಪ್, ತೊಟ್ಟಿಯ ಕಡೆಯ ತುದಿಗೆ ಒಂದು ಚಿಕ್ಕ ವಾಲ್ವ್. ತೊಟ್ಟಿಯ ಕಡೆಯ ಬಾಯಿಗೆ ಒಂದು ತುಂಡು ಜಾಲರಿ ಕಟ್ಟು. ಇಲ್ಲದಿದ್ದರೆ ಮಗಳು ಎಣಿಸುವ ಮರಿಗಳು ನೀರಿನ ಜೊತೆ ಹೋಗಿಬಿಡುತ್ತವೆ.

ಇನ್ನು ನೀರು ತೆಗೆಯುವ ಕ್ರಮ, ನಿಧಾನವಾಗಿ ಓದು. ಪೈಪಿಗೆ ಬಾಯಿಟ್ಟು ಎಳೆಯಬೇಡ. ತೊಟ್ಟಿಯ ನೀರಿನಲ್ಲಿ ಇರುವ ರೋಗಾಣು ಬಾಯಿಗೆ ಹೋಗಬಾರದು. ಪೈಪಿನ ಒಂದು ತುದಿಯನ್ನು ನಲ್ಲಿಗೆ ಸಿಕ್ಕಿಸು, ಇನ್ನೊಂದು ತುದಿಯನ್ನು ತೊಟ್ಟಿಯ ನೀರಿನೊಳಗೆ ಇಳಿಸು. ನಲ್ಲಿಯನ್ನು ಮೆಲ್ಲಗೆ ತಿರುಗಿಸು. ನೀರು ಪೈಪಿನೊಳಗೆ ಮುಂದೆ ಮುಂದೆ ಹೋಗುವುದು ಕಾಣುತ್ತದೆ, ಗಾಳಿಯ ಗುಳ್ಳೆಗಳು ತೊಟ್ಟಿಯಲ್ಲಿ ಬುಳುಬುಳು ಏಳುತ್ತವೆ. ಗುಳ್ಳೆ ನಿಂತ ಕೂಡಲೇ ವಾಲ್ವ್ ಮುಚ್ಚಿ, ಆಮೇಲೆ ನಲ್ಲಿ ಮುಚ್ಚು. ಆರು ಮೀಟರ್ ಪೈಪಿನಲ್ಲಿ ಹಿಡಿಯುವುದು ಮುಕ್ಕಾಲು ಲೀಟರ್ ನೀರು. ಅಷ್ಟು ಸಣ್ಣ ಪಾಲಿನಿಂದ 160 ಲೀಟರಿನ ಮೀನಿಗೆ ತೊಂದರೆಯಿಲ್ಲ. ಈಗ ನಲ್ಲಿಯ ಕಡೆಯ ತುದಿಯನ್ನು ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಾತ್‌ರೂಮಿನ ಜಾಳಿಯ ಮೇಲೆ ಇಡು. ವಾಲ್ವ್ ತೆರೆ. ಒಂದು ಕ್ಷಣ ಏನೂ ಆಗದಂತೆ ಕಾಣುತ್ತದೆ. ಮರುಕ್ಷಣ ತೊಟ್ಟಿಯ ನೀರು ಹಾಲು ದಾಟಿ ಬಾತ್‌ರೂಮಿಗೆ ತಾನೇ ನಡೆದು ಬರುತ್ತದೆ. ಉಳಿದ ಹೊತ್ತೆಲ್ಲ ನೀನು ಸ್ಟೂಲಿನ ಮೇಲೆ ಕುಳಿತು ಪೈಪಿನ ಬಾಯಿಯನ್ನು ಜಲ್ಲಿಕಲ್ಲಿನ ಮೇಲೆ ನಿಧಾನವಾಗಿ ಆಡಿಸುತ್ತ ಹೊಲಸು ಹೀರಿಸುವುದಷ್ಟೇ ಕೆಲಸ. 40 ಲೀಟರ್ ಇಳಿಯಲು ಆರೇಳು ನಿಮಿಷ ಸಾಕು. ಒಂದು ಲೋಟದಷ್ಟೂ ನೀನು ಎತ್ತಿರುವುದಿಲ್ಲ.

ಆ ನೀರನ್ನು ಜಾಳಿಗೆ ಬಿಡುವ ಬದಲು ಗ್ರಿಲ್ಲಿನ ಕುಂಡಗಳಿಗೆ ಹಾಯಿಸಿದರೆ ಇನ್ನೂ ಒಳ್ಳೆಯದು. ಮೀನಿನ ತೊಟ್ಟಿಯ ನೀರಿನಲ್ಲಿ ನೈಟ್ರೇಟ್ ಇರುತ್ತದೆ, ತುಳಸಿಗೂ ಮಲ್ಲಿಗೆಗೂ ಅದೇ ಗೊಬ್ಬರ. ಒಂದೇ ಎಚ್ಚರ, ಕೆಳಗಿನ ಮನೆಯವರು ಒಣಗಿಸಿದ ಬಟ್ಟೆಯ ಮೇಲೆ ಹನಿ ಬೀಳದಿರಲಿ. ಸೊಸೈಟಿಯಲ್ಲಿ ಮನಸ್ತಾಪ ಹುಟ್ಟುವುದು ಇಂಥ ಹನಿಯಿಂದಲೇ.

ಈಗ ತುಂಬುವುದು. ಅದೇ ಪೈಪನ್ನು ಮತ್ತೆ ನಲ್ಲಿಗೆ ಸಿಕ್ಕಿಸು. ಆದರೆ ಮೊದಲು ಮೂರು ಮಾತು.

ಒಂದು ಕ್ಲೋರಿನ್. ನಿಮ್ಮ ಕಲ್ಯಾಣಕ್ಕೆ, ನಮ್ಮ ಡೊಂಬಿವಲಿಗೆ ಉಲ್ಹಾಸ್ ನದಿಯ ನೀರು ಬರುತ್ತದೆ. ನವಿಮುಂಬಯಿಗೆ ಮೊರ್ಬೆ ಅಣೆಕಟ್ಟಿನ ನೀರು. ಎಲ್ಲವನ್ನೂ ಕ್ಲೋರಿನ್ ಹಾಕಿ ಶುದ್ಧ ಮಾಡಿಯೇ ಬಿಡುತ್ತಾರೆ. ನಮ್ಮನ್ನು ಕಾಯುವ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನಲ್ಲಿ ನೆಲೆಸಿ ಮೀನಿನ ಹೊಲಸನ್ನು ಜೀರ್ಣ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮುಚ್ಚಿದ ಲಾಫ್ಟ್ ಟ್ಯಾಂಕಿನಲ್ಲಿ ಒಂದು ದಿನ ನಿಂತರೂ ಅದೆಲ್ಲ ಹೋಗಿದೆ ಎಂದು ನಂಬಬೇಡ. ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಸಿಗುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಹೀಗೆ ನೇರವಾಗಿ ನಲ್ಲಿಯಿಂದ ತುಂಬುವಾಗ, ನೀರು ಬಿಡುವ ಮೊದಲೇ, ಬದಲಿಸುವ 40 ಲೀಟರಿಗಲ್ಲ, ಇಡೀ ತೊಟ್ಟಿಯ 160 ಲೀಟರಿಗೆ ಬಾಟಲಿಯ ಮೇಲೆ ಹೇಳಿದಷ್ಟು ಹಾಕು. ಮಳೆಗಾಲದಲ್ಲಿ ನಲ್ಲಿ ನೀರು ಮೂಗಿಗೆ ಘಾಟು ಹೊಡೆದ ದಿನ ಬದಲಿಸುವುದನ್ನೇ ಎರಡು ದಿನ ಮುಂದೂಡು.

ಎರಡು ಬಿಸಿ. ಮೇ ತಿಂಗಳ ಮಧ್ಯಾಹ್ನ ಟೆರೇಸಿನ ಟ್ಯಾಂಕಿನಿಂದ ಇಳಿಯುವ ನೀರು ಕೈ ಸುಡುತ್ತದೆ. ಜನವರಿಯ ಬೆಳಿಗ್ಗೆ ಅದೇ ನೀರು ಕೊರೆಯುತ್ತದೆ. ಮಗುವಿನ ಹಾಲಿನ ಬಿಸಿ ನೋಡುವಂತೆ ಮಣಿಕಟ್ಟಿನ ಮೇಲೆ ಬಿಟ್ಟು ನೋಡು. ತೊಟ್ಟಿಯ ನೀರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ಮಾತ್ರ ತುಂಬು. ನನ್ನ ಹೊತ್ತು ಭಾನುವಾರ ಒಂಬತ್ತೂವರೆ, ತಿಂಡಿಯ ನಂತರ. ಅಷ್ಟರಲ್ಲಿ ಬೆನ್ನೂ ಸಡಿಲಾಗಿರುತ್ತದೆ, ನೀರೂ ಹದವಾಗಿರುತ್ತದೆ.

ಮೂರು ಹಿಮ್ಮುಖ ಹರಿವು. ತುಂಬುವಾಗ ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿರಬಾರದು. ಬಟ್ಟೆಯ ಕ್ಲಿಪ್ಪಿನಿಂದ ಅಂಚಿಗೆ ಸಿಕ್ಕಿಸಿ ನೀರಿನ ಮೇಲೆ ನಿಲ್ಲಿಸು. ನಡುವೆ ನೀರು ನಿಂತು ಪೈಪು ಬರಿದಾದರೆ ತೊಟ್ಟಿಯ ನೀರು ಹಿಂದಕ್ಕೆ ಎಳೆದು ಕುಡಿಯುವ ನೀರಿನ ಕೊಳವೆಗೆ ಸೇರಬಹುದು. ಕೆಳಗೊಂದು ತಟ್ಟೆ ಇಟ್ಟರೆ ಧಾರೆ ಬಿದ್ದು ಗಿಡ ಕಿತ್ತುಬರುವುದಿಲ್ಲ. ಮುಖ್ಯವಾಗಿ, ನಲ್ಲಿ ತೆರೆದಿಟ್ಟು ಏಳಬೇಡ. ಫೋನ್ ಬಂದರೂ ಏಳಬೇಡ, ಬಾಗಿಲ ಗಂಟೆ ಬಾರಿಸಿದರೂ ನಲ್ಲಿ ಮುಚ್ಚಿಯೇ ಏಳು. ನಾನು ಒಂದು ಸಲ ಎದ್ದಿದ್ದೆ. ಕೆಳಗಿನ ಮನೆಯ ಸೀಲಿಂಗಿನ ಬಣ್ಣ ನಾನೇ ಹೊಡೆಸಿಕೊಡಬೇಕಾಯಿತು.

ಟ್ಯಾಂಕರ್ ನೀರು ಬಂದ ವಾರದ ವಿಷಯ ಬೇರೆ. ಅದು ಬೋರ್‌ವೆಲ್ ನೀರಾಗಿದ್ದರೆ ಗಡಸು ಇರುತ್ತದೆ, ನದಿ ನೀರಿಗೆ ಒಗ್ಗಿದ ಮೀನಿಗೆ ಒಮ್ಮೆಲೇ ತಡೆಯದು. ಆ ವಾರ ಹತ್ತು ಲೀಟರಿಗೆ ನಿಲ್ಲಿಸು.

ಲಾಫ್ಟ್ ಟ್ಯಾಂಕ್ ಇಲ್ಲದ ಹೊಸ ಫ್ಲಾಟ್‌ಗಳಲ್ಲಿ ಏನು ಮಾಡಬೇಕು ಎಂದು ವಾಶಿಯಲ್ಲಿರುವ ನಿನ್ನ ಅತ್ತಿಗೆ ಕೇಳಿದಳು. ಅಂಥವರು ಮುಚ್ಚಳದ 50 ಲೀಟರ್ ಡ್ರಮ್ಮನ್ನು ಬಾಲ್ಕನಿಯಲ್ಲೋ ತೊಟ್ಟಿಯ ಪಕ್ಕದಲ್ಲೋ ಇಡಲಿ. ಶನಿವಾರ ಪೈಪಿನಿಂದಲೇ ಡ್ರಮ್ ತುಂಬಿ, ಮುಚ್ಚಳ ಸ್ವಲ್ಪ ಸರಿಸಿ, ಒಂದು ಏರ್ ಸ್ಟೋನ್ ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಬಿಸಿಯೂ ಕೋಣೆಯ ಹದಕ್ಕೆ ಬರುತ್ತದೆ. ಭಾನುವಾರ ಒಂದು ಕೂಲರ್ ಪಂಪನ್ನು ಡ್ರಮ್ಮಿಗಿಳಿಸಿ ತೊಟ್ಟಿಗೆ ಹತ್ತಿಸಿದರಾಯಿತು. ಎಷ್ಟು ಎತ್ತರಕ್ಕೆ ನೀರು ಏರಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ನಿಮ್ಮ ತೊಟ್ಟಿಯ ಅಂಚಿಗಿಂತ ಒಂದೆರಡು ಅಡಿ ಹೆಚ್ಚೇ ಇರಲಿ. ಪಂಪು ಹೊಸದಿರಲಿ, ಈ ಕೆಲಸಕ್ಕೆ ಮಾತ್ರ ಇರಲಿ.

ಕರೆಂಟಿನ ಮಾತು ಬಂದಾಗ ಇದೂ ಕೇಳು. ಕೈ ನೀರಿಗೆ ಹಾಕುವ ಮೊದಲು ಹೀಟರ್, ಫಿಲ್ಟರ್, ಲೈಟ್ ಎಲ್ಲದರ ಪ್ಲಗ್ ಕಿತ್ತಿಡು, ಸ್ವಿಚ್ ಒತ್ತಿದರೆ ಸಾಲದು. ನೀರು ಇಳಿದಾಗ ಉರಿಯುವ ಹೀಟರ್ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ವೈರುಗಳು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತು ಬಿದ್ದು ಮೇಲೇರುವಂತೆ ಮಾಡು. ಆಗ ವೈರಿನ ಮೇಲೆ ಹರಿದ ಹನಿ ಸಾಕೆಟ್ಟಿಗೆ ಹೋಗದೆ ಆ ಜೋತಿನಲ್ಲೇ ಕೆಳಗೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಬಕೆಟ್ ಎತ್ತಲೇಬೇಕಾಗುತ್ತದೆ. ಆಗ ಭರ್ತಿ ಬಕೆಟ್ ಒಂದನ್ನು ಹಿಡಿಯಬೇಡ. ಅರ್ಧರ್ಧ ತುಂಬಿದ ಎರಡು ಬಕೆಟ್‌ಗಳನ್ನು ಎರಡೂ ಕೈಯಲ್ಲಿ ಹಿಡಿ. ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕುಳಿತು, ಬಕೆಟ್ ಮೈಗೆ ಹತ್ತಿರವಿಟ್ಟು ಏಳು. ತಿರುಗಬೇಕಾದರೆ ಪಾದಗಳನ್ನು ತಿರುಗಿಸು, ನಡುವನ್ನಲ್ಲ. ತೊಟ್ಟಿಗೆ ಎತ್ತಿ ಸುರಿಯುವ ಬದಲು, ಬಕೆಟನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಮಗ್ಗಿನಲ್ಲಿ ಹಾಕು. ಗಾಜಿನ ಒಳಬದಿ ಉಜ್ಜಲು ತೊಟ್ಟಿಯ ಮೇಲೆ ಬೋರಲಾಗಿ ಬೀಳಬೇಡ. ಉದ್ದ ಹಿಡಿಯ ಬ್ರಶ್ಶೋ ಅಯಸ್ಕಾಂತದ ಬ್ರಶ್ಶೋ ಸಿಗುತ್ತದೆ, ಅದನ್ನು ತಾ. ಸ್ಟ್ಯಾಂಡಿನ ಕೆಳಗೆ ಫಿಲ್ಟರ್ ನೋಡುವಾಗ ಒಂದು ಮೊಣಕಾಲು ದಿಂಬಿನ ಮೇಲೆ ಊರಿ ಕುಳಿತುಕೋ. ನೆಲದ ಮೇಲೆ ಒಣ ಗೋಣಿಚೀಲ ಹಾಸಿರಲಿ. ಒದ್ದೆ ಟೈಲ್ಸಿನ ಮೇಲೆ ಜಾರಿ ಬಿದ್ದರೆ ಸೊಂಟದ ನೋವಿಗಿಂತ ದೊಡ್ಡದು ಕಾದಿರುತ್ತದೆ.

ಈಗಿನ ನಿನ್ನ ನೋವು ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸು. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ಅಷ್ಟು ದಿನವೂ ಕಾಯಬೇಡ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಎಣ್ಣೆ, ಮುಲಾಮು ಎಂದು ಕೂರಬಾರದು.

ಇನ್ನು ಕೆಲಸವನ್ನೇ ಕಡಿಮೆ ಮಾಡುವ ದಾರಿ. ತೊಟ್ಟಿಯ ನೀರು ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಮಗಳು ಬಂದು ಒಂದು ಚಿಟಿಕೆ, ನೀನು ಒಂದು ಚಿಟಿಕೆ, ನೆಂಟರು ಬಂದರೆ ಅವರದ್ದೂ ಒಂದು ಚಿಟಿಕೆ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತದೆ. ಆ ಕೊನೆಯ ನೈಟ್ರೇಟನ್ನು ಹೊರಗೆ ಹಾಕಲೆಂದೇ ನಾವು ನೀರು ಬದಲಿಸುವುದು. ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಹಾಕು. ವಾರಕ್ಕೊಂದು ದಿನ ಉಪವಾಸ ಇರಲಿ, ಆರೋಗ್ಯದ ಮೀನಿಗೆ ಅದರಿಂದ ತೊಂದರೆಯಿಲ್ಲ. ಒಂದು ಮನಿ ಪ್ಲಾಂಟ್ ಬಳ್ಳಿಯ ಎಲೆ ಹೊರಗಿದ್ದು ಬೇರು ಮಾತ್ರ ನೀರಿನಲ್ಲಿ ಇಳಿದಿರುವಂತೆ ಅಂಚಿಗೆ ಕಟ್ಟು. ಅದು ನೈಟ್ರೇಟ್ ಕುಡಿದು ಬೆಳೆಯುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡ, ತೆಗೆದ ತೊಟ್ಟಿ ನೀರಿನಲ್ಲೇ ಹಿಂಡಿ ಮತ್ತೆ ಇಡು. ಮೂರಡಿ ತೊಟ್ಟಿಗೆ ಮೀನು ಸ್ವಲ್ಪ ಕಡಿಮೆಯೇ ಇರಲಿ.

ಆದರೆ ಒಂದು ತಪ್ಪು ಲೆಕ್ಕ ಹಾಕಬೇಡ. ಆರಿದಷ್ಟು ನೀರನ್ನು ಮೇಲಿನಿಂದ ತುಂಬಿದರೆ ಬದಲಿಸಿದಂತಾಗುವುದಿಲ್ಲ. ಸಾಂಬಾರು ಕುದಿದು ಬತ್ತಿದಾಗ ಹಾರುವುದು ನೀರು ಮಾತ್ರ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ತೊಟ್ಟಿಯಲ್ಲೂ ಹಾಗೇ, ಲವಣ, ನೈಟ್ರೇಟ್ ವಾರದಿಂದ ವಾರಕ್ಕೆ ಕೂಡುತ್ತ ಹೋಗುತ್ತವೆ. ಮೀನು ಸುಮ್ಮನೆ ಸಹಿಸುತ್ತದೆ, ಒಂದು ದಿನ ಸೋಲುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಮಂಡಕ್ಕಿಗಾಗಿ ಮುತ್ತುವುದನ್ನು ನೀನು ಸಣ್ಣವನಿದ್ದಾಗ ನೋಡಿದ್ದೀ. ಅಲ್ಲಿ ಹೊಳೆ ಹಗಲಿರುಳು ನೀರು ಬದಲಿಸುತ್ತಲೇ ಇರುತ್ತದೆ. ಗಾಜಿನೊಳಗೆ ಮೀನು ತಂದಿಟ್ಟ ದಿನವೇ ಆ ಹೊಳೆಯ ಕೆಲಸ ನಮ್ಮ ಪಾಲಿಗೆ ಬಂತು.

ನೀರು ಹೊರಬಾರದು ಎಂಬ ಈ ಮಾತು ನಮ್ಮ ಹೋಟೆಲಿನವರಿಗೂ ಸೇರುತ್ತದೆ. ಕ್ಯಾಶ್ ಕೌಂಟರಿನ ಪಕ್ಕದಲ್ಲಿ ಅಕ್ವೇರಿಯಂ ಇಟ್ಟ ನಮ್ಮೂರಿನ ಹೋಟೆಲುಗಳು ಈ ಕಡೆ ಎಷ್ಟೋ ಇವೆ. ಗಿರಾಕಿಗಳ ಮಕ್ಕಳು ಅದರ ಮುಂದೆ ನಿಲ್ಲುತ್ತಾರೆ, ನೋಡಲು ಚೆಂದ. ಆದರೆ ರಾತ್ರಿ ಶಟರ್ ಎಳೆದ ಮೇಲೆ, ದಿನವಿಡೀ ನಿಂತು ದುಡಿದ ಹುಡುಗನೊಬ್ಬ ಅದರ ನೀರು ಹೊರುತ್ತಾನೆ. ಆ ಹುಡುಗನಿಗೊಂದು ಪೈಪು ತಂದುಕೊಡಿ ಎಂದು ಗುರುತಿನ ಮಾಲೀಕರಿಗೆಲ್ಲ ಹೇಳುತ್ತಿದ್ದೇನೆ. ಅವನ ಸೊಂಟವೂ ಯಾರದೋ ಮನೆಯ ಆಧಾರ.

ಇಷ್ಟು ಕೇಳಿದ ಮೇಲೂ ತೊಟ್ಟಿ ಬೇಡವೆನಿಸಿದರೆ ಅದು ನಿನ್ನ ಇಷ್ಟ. ಆಗ ಮೀನುಗಳನ್ನು ಅಂಗಡಿಯವರಿಗೋ ಸಾಕುವ ಮನಸ್ಸಿದ್ದವರಿಗೋ ಕೊಡು. ಠಾಣೆಯ ಮಾಸುಂದಾ ತಲಾವ್, ಉಪವನ್ ಎಂದು ಕೆರೆಗೆ ಬಿಡಬೇಡ. ಗಾಜು ನೆಕ್ಕಲೆಂದು ನಾವು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಬಿಟ್ಟದ್ದರಿಂದಲೇ ನಮ್ಮ ದೇಶದ ಕೆರೆ, ನದಿಗಳಲ್ಲಿ ಹಬ್ಬಿದೆ. ಗಂಗೆಯಲ್ಲೂ ಸಿಕ್ಕಿದೆ. ಅದು ಹಬ್ಬಿದಲ್ಲಿ ಊರಿನ ಮೀನಿಗೂ ಮೀನುಗಾರರ ಬಲೆಗೂ ಕಷ್ಟ.

ಆದರೆ ನೀನು ಕೊಡಬಾರದು ಎಂದು ನನ್ನ ಆಸೆ. ಅಜ್ಜಿ ದಂಬೆಯ ತುದಿಯಲ್ಲಿ ಕೈಯೊಡ್ಡಿ ನಿಂತದ್ದನ್ನು ನಾನು ಕಂಡಾಗ ನನಗೆ ನಿನ್ನ ಮಗಳಷ್ಟೇ ವಯಸ್ಸು. ಬರುವ ಭಾನುವಾರ ಒಂಬತ್ತಕ್ಕೆ ಬರುತ್ತೇನೆ. ಪೈಪು, ಕಪ್ಲರ್, ಕ್ಲಿಪ್, ವಾಲ್ವ್ ನಾನೇ ತರುತ್ತೇನೆ. ನೀನು ನಲ್ಲಿಯಿಂದ ತೊಟ್ಟಿಯವರೆಗಿನ ಅಳತೆ ತೆಗೆದು ಶನಿವಾರದೊಳಗೆ ಫೋನ್ ಮಾಡು. ಬಕೆಟ್ ಮುಟ್ಟಬೇಡ. ಬಾತ್‌ರೂಮಿನ ಕಡೆಯ ತುದಿಯನ್ನು ಮಗಳ ಕೈಗೆ ಕೊಡೋಣ. ನೀರು ಬಂತು ಎಂದು ಅಲ್ಲಿಂದ ಕೂಗಿ ಹೇಳುವುದು ಅವಳ ಕೆಲಸ.